ಹನ್ನೆರಡು ಗಂಟೆಯ ನೆರಳು

ಪಾಠಯೋಜನೆ ಪುಸ್ತಕದ ಅಂಚಿನಲ್ಲಿ ಕೆಂಪು ಶಾಯಿಯ ಒಂದೇ ಸಾಲು ಇತ್ತು: ‘ಇದನ್ನು ನೀವು ಯಾವಾಗ ನೋಡಿದಿರಿ?’

ಅದು ನನ್ನ ಬಿ.ಇಡಿ. ಇಂಟರ್ನ್‌ಶಿಪ್‌ನ ಮೂರನೆಯ ವಾರ. ಗಂಗಾವತಿ ತಾಲೂಕಿನ ಕಾಲುವೆ ಬಯಲಿನಲ್ಲಿರುವ ಒಂದು ಸರ್ಕಾರಿ ಪ್ರೌಢಶಾಲೆ. ಎಂಟನೆಯ ತರಗತಿಯ ವಿಜ್ಞಾನ ನನ್ನ ಪಾಲಿಗೆ ಬಂದಿತ್ತು. ನಮ್ಮ ಕಾಲೇಜಿನವರು ಕೊಟ್ಟ ಪಾಠಯೋಜನೆಯ ನಮೂನೆಯಲ್ಲಿ ಕೊನೆಗೊಂದು ಕಾಲಂ ಇದೆ, ‘ವಿಮರ್ಶಾತ್ಮಕ ಚಿಂತನೆ: ಕಂಡುಬಂದ ಪುರಾವೆ’ ಎಂದು. ಪ್ರತಿದಿನ ಅಲ್ಲಿ ‘ಮಕ್ಕಳು ಚರ್ಚಿಸಿ, ಆಲೋಚಿಸಿ ಉತ್ತರಿಸಿದರು’ ಎಂದು ಬರೆಯುತ್ತಿದ್ದೆ. ಮುಚ್ಚಿಡುವುದೇಕೆ, ಪಾಠ ಮಾಡುವ ಮೊದಲೇ ಬರೆದಿಡುತ್ತಿದ್ದೆ.

ಕೆಂಪು ಶಾಯಿ ನನ್ನ ಮಾರ್ಗದರ್ಶಿ ಶಿಕ್ಷಕರದು. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿದ್ದ ವಿಜ್ಞಾನದ ಮೇಷ್ಟ್ರು. ನಾನು ಪಾಠ ಮಾಡುವಾಗ ಕೊನೆಯ ಬೆಂಚಿನಲ್ಲಿ ಮಕ್ಕಳ ಜೊತೆಗೇ ಕೂರುತ್ತಿದ್ದರು.

“ಚರ್ಚಾ ಮಾಡಿದ್ರು ಅಂತ ಬರದೀರಿ. ಯಾರ ಜೋಡಿ ಯಾರು ಮಾಡಿದ್ರು?” ಎಂದು ಕೇಳಿದರು.

ನಾನು ಪುಸ್ತಕದ ಪುಟ ತಿರುವಿದೆ.

“ನಿನ್ನೆ ನೀವು ‘ಅರ್ಥ ಆತಿಲ್ಲೋ’ ಅಂದ್ರಿ. ಮೂವತ್ತೆಂಟು ಮಂದಿ ‘ಆತ್ರಿ’ ಅಂದ್ರು. ಅದು ಚರ್ಚಾ ಅಲ್ರಿ ಮೇಡಂ, ಅದು ಹಾಜರಿ.”

ಮುಖಕ್ಕೆ ನೀರು ಎರಚಿದಂತಾಯಿತು. ಆದರೆ ಅವರು ನಗುತ್ತಿದ್ದರು, ಅದು ಬೈಗುಳವಾಗಿರಲಿಲ್ಲ. ಆವತ್ತಿನಿಂದ ನಾನು ಪಟ್ಟು ಹಿಡಿದೆ: ಈ ಕಾಲಂನಲ್ಲಿ ಒಂದಾದರೂ ನಿಜವಾದ ಸಾಲು ಬರೆಯಬೇಕು.

ಕಾಲೇಜಿನಲ್ಲಿ ಕಲಿಸಿದ ಮೊದಲ ಉಪಾಯ, ಪ್ರಶ್ನೆ ಕೇಳಿದ ಮೇಲೆ ಕಾಯುವುದು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಆಮೇಲೆ ಬೇಕಾದರೆ ಸುಳಿವು ಕೊಡಿ ಎಂದಿದ್ದರು. ಕಾದೆ. ಆರಕ್ಕೆ ಬರುವಷ್ಟರಲ್ಲಿ ಮಕ್ಕಳು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಒಂಬತ್ತಕ್ಕೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪಾಪ, ನನಗೆ ಪಾಠ ಮರೆತಿದೆ ಎಂದುಕೊಂಡು, “ಟೀಚರ್, ಮುಂದಿನ ಪುಟ ನೋಡ್ರಿ” ಎಂದು ಪಿಸುಗುಟ್ಟಿದಳು.

ಎರಡನೆಯ ಉಪಾಯ ನನ್ನದೇ. ವೇಗದ ಲೆಕ್ಕ ಮಾಡುವಾಗ ಹಲಗೆಯ ಮೇಲೆ ಬೇಕಂತಲೇ ಏಳೆಂಟ್ಲ ಐವತ್ನಾಲ್ಕು ಎಂದು ಬರೆದೆ. ಯಾರಾದರೂ ತಪ್ಪು ಹಿಡಿಯಲಿ ಎಂದು ಕಾದು ನಿಂತೆ. ಒಬ್ಬರೂ ಬಾಯಿ ಬಿಡಲಿಲ್ಲ. ಸಾಲುಗಳ ನಡುವೆ ನಡೆದು ನೋಡಿದರೆ ಎಲ್ಲರ ನೋಟುಬುಕ್ಕಿನಲ್ಲೂ ಐವತ್ನಾಲ್ಕು ನೀಟಾಗಿ ಕೂತಿತ್ತು. ಕಿಟಕಿ ಬದಿಯ ಒಬ್ಬ ಹುಡುಗಿಯ ಪುಸ್ತಕದಲ್ಲಿ ಮಾತ್ರ ಐವತ್ನಾಲ್ಕರ ಕೆಳಗೆ ಪೆನ್ಸಿಲ್ಲಿನಲ್ಲಿ, ಇರುವೆಯಷ್ಟು ಸಣ್ಣದಾಗಿ, 56 ಎಂದಿತ್ತು.

“ಇದೇನವಾ?”

“ಅದು ನನಗಷ್ಟ ಬರಕೊಂಡೀನ್ರಿ ಟೀಚರ್. ಮ್ಯಾಲಿಂದು ನಿಮ್ಮದು.”

ಅವಳು ಊರಿನ ಗೌಂಡಿಯ ಮಗಳು. ಅಪ್ಪ ಇಟ್ಟಿಗೆ ಗೋಡೆ ಕಟ್ಟುವವನು. ಅವಳ ಮಾತು ಕೇಳಿ ನನಗೆ ಏನೋ ಹೊಳೆದಂತಾಯಿತು. ಯೋಚನೆ ಮಾಡುವುದಕ್ಕೆ ಈ ಮಕ್ಕಳಿಗೆ ಬರುವುದಿಲ್ಲ ಎಂದು ನಾನು ತಿಳಿದಿದ್ದೆ. ಬರುತ್ತಿತ್ತು. ಅದನ್ನು ಬಾಯಿ ಬಿಟ್ಟು ಹೇಳುವುದು ತರಗತಿಯ ಕೆಲಸವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಇದನ್ನು ಕಂಡುಕೊಂಡೆ ಎಂದು ಹಿಗ್ಗಿದವಳು ಮಾರನೆಯ ದಿನವೇ ದೊಡ್ಡ ತಪ್ಪು ಮಾಡಿದೆ.

ಅದು ನೆರಳಿನ ಪಾಠ. ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದೆ: ‘ಮಧ್ಯಾಹ್ನ ಹನ್ನೆರಡು ಗಂಟೆಗೆ ನೆರಳು ಅತಿ ಚಿಕ್ಕದಾಗಿರುತ್ತದೆ.’ ಬರೀ ಬರೆಸಿದರೆ ಸಾಲದು, ಅಳೆಸೋಣ ಎಂದು ಡ್ರಾಯಿಂಗ್ ಪಿರಿಯಡ್ಡನ್ನೂ ಕೇಳಿ ಪಡೆದು ಮಕ್ಕಳನ್ನು ಮೈದಾನಕ್ಕೆ ಕರೆದೊಯ್ದೆ. ಡಿಸೆಂಬರಿನ ತಿಳಿ ಬಿಸಿಲು. ಸುತ್ತಲ ಗದ್ದೆಗಳಲ್ಲಿ ಭತ್ತದ ಕೊಯ್ಲಿನ ಯಂತ್ರಗಳ ಸದ್ದು. ಆರು ಗುಂಪು, ಆರು ಬಿದಿರು ಕೋಲು, ಪ್ರತಿ ಕೋಲೂ ನೆಲದಿಂದ ಮೇಲೆ ಸರಿಯಾಗಿ ಒಂದು ಮೀಟರ್. ಹನ್ನೊಂದೂವರೆ, ಹನ್ನೆರಡು, ಹನ್ನೆರಡೂವರೆ, ಒಂದು ಗಂಟೆ; ನಾಲ್ಕು ಸಲ ನೆರಳು ಅಳೆದು ಬರೆಯಬೇಕು.

ಹನ್ನೆರಡೂವರೆಯ ಅಳತೆ ಆದ ಮೇಲೆ ಗೌಂಡಿಯ ಮಗಳ ಗುಂಪು ಕೈಯೆತ್ತಿತು.

“ಟೀಚರ್, ನಮ್ಮ ನೆಳ್ಳು ಹನ್ನೆರಡಕ್ಕಿಂತ ಈಗ ಸಣ್ಣ ಆಗೈತ್ರಿ.”

“ಎಷ್ಟು?”

“ಎರಡು ಸೆಂಟಿಮೀಟರಿಗೆ ತುಸು ಕಮ್ಮಿ.”

“ಅಷ್ಟ ಅಲ್ಲೇನು. ಟೇಪು ಸಡಿಲ ಹಿಡಿದಿರತೀರಿ. ಸರಿ ಮಾಡಿ ಬರೀರಿ” ಎಂದೆ. ಬಗ್ಗಿ ನೋಡಲೂ ಇಲ್ಲ. ಅವರು ಸರಿ ಮಾಡಿ ಬರೆದರು.

ಆವತ್ತು ಸಂಜೆ ಗಂಗಾವತಿಯ ಬಸ್ಸಿನಲ್ಲಿ ಕೂತು ಆರು ಗುಂಪುಗಳ ಹಾಳೆಗಳನ್ನು ತಿದ್ದಲು ತೆಗೆದೆ. ಎಲ್ಲರಿಗೂ ಹನ್ನೆರಡರ ನೆರಳೇ ಚಿಕ್ಕದು. ಖುಷಿಯಿಂದ ಸರಿ ಗುರುತು ಹಾಕುತ್ತ ಹೋದವಳು ನಾಲ್ಕನೆಯ ಹಾಳೆಗೆ ಬಂದಾಗ ನಿಂತೆ. ಹನ್ನೆರಡೂವರೆಯ ಮನೆಯಲ್ಲಿ ಕಾಗದ ರಬ್ಬರಿನಿಂದ ಉಜ್ಜಿ ತೆಳ್ಳಗಾಗಿತ್ತು. ಕಿಟಕಿಯ ಬೆಳಕಿಗೆ ಹಿಡಿದೆ. 83ರ ಹಿಂದೆ 80.6 ಕಾಣಿಸಿತು. ಹಿಂದಿನ ಹಾಳೆಗಳನ್ನು ಮತ್ತೆ ತೆಗೆದು ಒಂದೊಂದಾಗಿ ಬೆಳಕಿಗೆ ಹಿಡಿದೆ. ಆರರಲ್ಲಿ ಐದು ಹಾಳೆಗಳಲ್ಲಿ ಅದೇ ಮನೆ ಸವೆದಿತ್ತು. ಆರನೆಯವರು ರಬ್ಬರ್ ಬಳಸಿರಲಿಲ್ಲ. ಅವರು ಪಕ್ಕದವರದನ್ನು ನೋಡಿ ಬರೆದಿದ್ದರು.

ಐದು ಗುಂಪು, ಐದು ಬೇರೆ ಬೇರೆ ಕೋಲು, ಒಂದೇ ತೆರನ ಅಳತೆ. ಐವರೂ ತಮ್ಮ ಕಣ್ಣಿನಿಂದ ಕಂಡದ್ದನ್ನು ಅಳಿಸಿ ನಾನು ಹಲಗೆಯ ಮೇಲೆ ಬರೆದದ್ದನ್ನು ಬರೆದಿದ್ದರು. ಒಂದು ಗುಂಪಿಗೆ ಅಳಿಸಿ ಎಂದು ಹೇಳಿದವಳು ನಾನೇ. ಹಾಕಿದ್ದ ಸರಿ ಗುರುತುಗಳನ್ನು ಹೊಡೆದುಹಾಕಿದೆ. ಅದರ ಬೆನ್ನಿಗೇ, ಸುಳ್ಳು ಹೇಳಲಾರೆ, ಮೈ ಜುಮ್ಮೆಂದಿತು. ಹಾಗಾದರೆ ಹನ್ನೆರಡು ಗಂಟೆಗೆ ನೆರಳು ಚಿಕ್ಕದಲ್ಲವೇ? ಇಪ್ಪತ್ತಾರು ವರ್ಷ ಬದುಕಿ, ವಿಜ್ಞಾನದಲ್ಲಿ ಪದವಿ ಪಡೆದು, ನಾನು ಒಮ್ಮೆಯೂ ಅಳೆದು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಶಾಲೆ ತಲುಪಿದೊಡನೆ ಹಾಳೆಗಳನ್ನು ಮಾರ್ಗದರ್ಶಿ ಶಿಕ್ಷಕರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕಣ್ಣು ಮಿಟುಕಿಸಿ, “ಯಾಕ ಹಿಂಗ ಅಂತ ನನಗ ಗೊತ್ತೈತಿ. ಹೇಳ್ಲೇನು?” ಎಂದರು.

ಕೇಳಬೇಕೆಂದು ನಾಲಿಗೆಯ ತುದಿಯವರೆಗೆ ಬಂತು. ಫೋನು ಕೈಯಲ್ಲೇ ಇತ್ತು, ಹುಡುಕಿದರೂ ಸಿಗುತ್ತಿತ್ತು. ಆದರೆ ಉತ್ತರ ತಿಳಿದುಕೊಂಡು ತರಗತಿಗೆ ಹೋದರೆ ಮತ್ತೆ ಅದೇ ಆಗುತ್ತದೆ ಎಂದು ಅನಿಸಿತು. ನಾನು ಹೇಳುತ್ತೇನೆ, ಅವರು ಅಳತೆಯನ್ನು ಅದಕ್ಕೆ ಹೊಂದಿಸುತ್ತಾರೆ.

“ಬ್ಯಾಡ್ರಿ ಸರ್” ಎಂದೆ. “ನನಗೂ ಗೊತ್ತಾಗೂದು ಬ್ಯಾಡ. ಅವರ ಜೋಡಿನ ಹುಡುಕತೀನಿ.”

“ಕಾಲೇಜಿನವರ ಕೊನೀ ಪಾಠದ ತಪಾಸಣಿ ಮುಂದಿನ ವಾರ ಐತಿ. ಗೊತ್ತೈತಲ್ಲ?”

“ಐತ್ರಿ.”

“ಪೋರ್ಶನ್ ನಾ ಮುಗಸತೀನಿ. ಹೆಡ್ ಮಾಸ್ತರಿಗೆ ನೀವು ಹೇಳ್ರಿ.”

ತರಗತಿಗೆ ಹೋಗಿ ಮೊದಲು ಹಲಗೆಯ ಆ ವಾಕ್ಯದ ಮುಂದೆ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. “ನಿನ್ನೆ ಒಂದು ಗುಂಪಿಗೆ ತಪ್ಪು ಅಂದೆ. ಅಳತಿ ನೋಡದ ಅಂದೆ. ತಪ್ಪು ನಂದ ಇರಬಹುದು. ರಬ್ಬರಿನಿಂದ ಅಳಿಸಿದ್ದು ನೋಡೀನಿ, ಯಾರಿಗೂ ಬೈಯಂಗಿಲ್ಲ. ಖರೆ ಅಳತಿ ಯಾವುದು ಅಂತ ನನಗೂ ಗೊತ್ತಿಲ್ಲ.”

ನಡುವಿನ ಸಾಲಿನಿಂದ ಒಬ್ಬ ಕೇಳಿದ, “ಹಂಗಾದ್ರ ಪರೀಕ್ಷಾದಾಗ ಏನು ಬರೀಬೇಕ್ರಿ?”

“ಅದೂ ಗೊತ್ತಿಲ್ಲ.”

ಟೀಚರಿಗೆ ಗೊತ್ತಿಲ್ಲ ಎಂಬುದು ತರಗತಿಯಲ್ಲಿ ಗದ್ದಲವನ್ನೇ ಎಬ್ಬಿಸಿತು. ಮೊದಲ ಬಾರಿಗೆ ಅವರು ನನ್ನನ್ನು ಬಿಟ್ಟು ತಮ್ಮತಮ್ಮಲ್ಲೇ ಮಾತಾಡುತ್ತಿದ್ದರು. ಹಲಗೆಯನ್ನು ಎರಡು ಭಾಗ ಮಾಡಿ, ನಮ್ಮ ಅಳತೆ ಯಾವ ಯಾವ ಕಾರಣಕ್ಕೆ ತಪ್ಪಿರಬಹುದು ಹೇಳಿ ಎಂದೆ. ಬರೆದುಕೊಳ್ಳಲು ನನ್ನ ಕೈ ಸಾಲಲಿಲ್ಲ. ಕೋಲು ವಾಲಿರಬಹುದು. ನೆಲ ಇಳಿಜಾರು ಇರಬಹುದು. ನೆರಳಿನ ತುದಿ ಮಸುಕು, ಒಬ್ಬೊಬ್ಬರಿಗೆ ಒಂದೊಂದು ಕಡೆ ಕಾಣುತ್ತದೆ. ಗಡಿಯಾರ ಸುಳ್ಳು ಇರಬಹುದು.

ಗಡಿಯಾರದ ಸಂಶಯ ಐದೇ ನಿಮಿಷದಲ್ಲಿ ನಿಜವಾಯಿತು. ಕಾರ್ಯಾಲಯದ ಗೋಡೆ ಗಡಿಯಾರ ನನ್ನ ಫೋನಿಗಿಂತ ಎಂಟು ನಿಮಿಷ ಮುಂದೆ ಓಡುತ್ತಿತ್ತು. ಹಿಂದಿನ ದಿನ ನಾವು ಗಂಟೆ ಹೊಡೆದದ್ದನ್ನು ಕೇಳಿ ಅಳೆದಿದ್ದೆವು. ಒಬ್ಬಳು ತಕ್ಷಣ ಎದ್ದಳು, “ಫೋನಿಂದು ಖರೆ ಅಂತ ಹ್ಯಾಂಗ ಗೊತ್ತು?” ಮಾರ್ಗದರ್ಶಿ ಶಿಕ್ಷಕರ ಫೋನು, ನನ್ನ ಫೋನು, ಅಡುಗೆಯವರ ಫೋನು ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ನಿಮಿಷ ಬದಲಾಗುವುದನ್ನು ಮೂವತ್ತೆಂಟು ಮಂದಿ ಉಸಿರು ಬಿಗಿಹಿಡಿದು ನೋಡಿದರು. ಮೂರೂ ಒಟ್ಟಿಗೇ ಬದಲಾದಾಗ ಚಪ್ಪಾಳೆ ಬಿತ್ತು.

ಗೌಂಡಿಯ ಮಗಳು ಮರುದಿನ ಅಪ್ಪನ ದಾರ ಮತ್ತು ತೂಕದ ಗುಂಡು ತಂದಳು. ಗೋಡೆ ನೆಟ್ಟಗಿದೆಯೇ ನೋಡಲು ಬಳಸುವ ಅದನ್ನು ಕೋಲಿನ ಪಕ್ಕ ಇಳಿಬಿಟ್ಟು, ಎರಡು ದಿಕ್ಕಿನಿಂದ ನೋಡಿ, ಕೋಲನ್ನು ನೆಟ್ಟಗೆ ಮಾಡಿದರು. ಬಿಸಿಯೂಟದ ತಾಟಿನಲ್ಲಿ ಅಂಚಿನವರೆಗೆ ನೀರು ತುಂಬಿ ನೆಲದ ಮೇಲಿಟ್ಟು, ನೀರು ಚೆಲ್ಲುವ ಕಡೆ ಮಣ್ಣು ತುಂಬಿ ತುಂಬಿ ಎರಡು ಮೀಟರ್ ಜಾಗವನ್ನು ಸಮ ಮಾಡಿದರು. ಆರು ಕೋಲು ಬೇಡ, ಒಂದೇ ಸಾಕು, ಆದರೆ ಅದು ಸರಿಯಾಗಿರಲಿ ಎಂದು ಅವರೇ ತೀರ್ಮಾನಿಸಿದರು.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಬಾಯಿ ತೆರೆದ. ಮೂರು ವಾರದಲ್ಲಿ ಅವನ ದನಿಯನ್ನೇ ನಾನು ಕೇಳಿರಲಿಲ್ಲ.

“ಅಳಿಯೋರಿಗೆ ಟೈಮ್ ಹೇಳಬಾರದು.”

“ಯಾಕ?” ಎಂದು ಕೇಳಿದ್ದು ನಾನಲ್ಲ, ಗೌಂಡಿಯ ಮಗಳು.

“ಟೈಮ್ ಗೊತ್ತಿದ್ರ ಕೈ ತಾನ ಟೇಪು ಜಗ್ಗತೈತಿ. ನಾವು ಮೊನ್ನೆ ಹಂಗ ಮಾಡೀವಲ್ಲ. ಒಬ್ಬರು ಮೊಳಿ ಚುಚ್ಚಿ ನಂಬರ್ ಹಾಕ್ರಿ. ಟೈಮ್ ಬರಿಯೋರು ಬ್ಯಾರೆ ಇರ್ಲಿ. ಎಲ್ಲಾ ಮುಗದ ಮ್ಯಾಲ ಮೂರನೇದವರು ಬಂದು ಅಳೀಲಿ. ಅವರಿಗೆ ಯಾವ ಮೊಳಿ ಯಾವ ಟೈಮಿಂದು ಗೊತ್ತ ಇರಬಾರದು.”

ನಾನು ಹಿಂದಿನ ಬೆಂಚಿನ ಕಡೆ ನೋಡಿದೆ. ಮಾರ್ಗದರ್ಶಿ ಶಿಕ್ಷಕರು ಅವನ ಪಕ್ಕದಲ್ಲೇ ಕೂತಿದ್ದರು. ಅವರು ಹುಡುಗನಿಗೆ ಜಾಗ ಬಿಡುವಂತೆ ತುಸು ಸರಿದು ಕೂತರು. ನಾನು ಯಾವ ತರಬೇತಿಯಲ್ಲೂ ಕೇಳದಿದ್ದ ವಿಧಾನವನ್ನು, ಮೊನ್ನೆ ಅಂಕಿ ಅಳಿಸಿದ ಹುಡುಗ ತನ್ನ ತಪ್ಪಿನಿಂದಲೇ ಕಟ್ಟಿದ್ದ.

ಹೆಡ್ ಮಾಸ್ತರರಿಗೆ ಇದೆಲ್ಲ ಅಷ್ಟಾಗಿ ಹಿಡಿಸಲಿಲ್ಲ. ವರಾಂಡದಲ್ಲಿ ನಿಂತು, “ಮೇಡಂ, ಒಂದು ಕೋಲಿಗೆ ಎಷ್ಟು ದಿನ ಬೇಕ್ರಿ? ಮಕ್ಕಳನ್ನ ಬಿಸಿಲಾಗ ಕುಂದ್ರಸೀರಿ, ಪಾಲಕರು ಕೇಳಿದ್ರ ನಾ ಏನು ಹೇಳ್ಲಿ?” ಎಂದರು. ಇನ್ನು ಮೂರೇ ದಿನ ಎಂದು ಬೇಡಿಕೊಂಡೆ. “ಮೂರಕ್ಕ ನಾಲ್ಕು ಆಗಬಾರದು” ಎಂದು ಒಳಗೆ ಹೋದರು.

ಮೊದಲ ದಿನ ಕುರಿಗಳಿಗೆ ಬಲಿಯಾಯಿತು. ಕೊಯ್ದ ಗದ್ದೆಗಳಿಗೆ ಮೇಯಲು ಬಂದ ಹಿಂಡು ಮೈದಾನಕ್ಕೆ ನುಗ್ಗಿ ಮೊಳೆಗಳನ್ನೆಲ್ಲ ತುಳಿದುಕೊಂಡು ಹೋಯಿತು. ಎರಡನೆಯ ದಿನ ಎಲ್ಲ ಸರಿಹೋಗಿ, ಹನ್ನೊಂದರಿಂದ ಒಂದರವರೆಗೆ ಐದೈದು ನಿಮಿಷಕ್ಕೆ ಮೊಳೆ ಚುಚ್ಚಿದರು. ಟೈಮ್ ಗೊತ್ತಿಲ್ಲದ ಮೂವರು ಹುಡುಗಿಯರು ಅಳೆದರು. ಅಳತೆಯ ಹಾಳೆಗೆ ಸಮಯ ಜೋಡಿಸಿದಾಗ ಹನ್ನೆರಡು ಗಂಟೆ ಸೋತಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಗೆದ್ದವರು ಯಾರು? ಹನ್ನೆರಡೂಕಾಲಿನಿಂದ ಹನ್ನೆರಡೂವರೆಯವರೆಗೆ ನಾಲ್ಕು ಮೊಳೆಗಳ ಅಳತೆ ಹೆಚ್ಚುಕಡಿಮೆ ಒಂದೇ. ನೆರಳು ಅಲ್ಲಿಗೆ ಬಂದು ಅಲುಗಾಡದೆ ನಿಂತಂತಿತ್ತು. ಯಾವುದು ಅತಿ ಚಿಕ್ಕದು ಎಂದು ಹೇಳಲು ನಮ್ಮ ಟೇಪಿಗೆ ಆಗಲಿಲ್ಲ. ತರಗತಿ ನಾಲ್ಕು ಪಕ್ಷವಾಗಿ ಜಗಳಕ್ಕೆ ನಿಂತಿತು. ಸಂಜೆಗೆ ಜಗಳವೂ ಸಪ್ಪೆಯಾಗಿ, “ಹೋಗ್ಲಿ ಬಿಡ್ರಿ ಟೀಚರ್, ನೀವ ಹೇಳಿಬಿಡ್ರಿ” ಎಂಬಲ್ಲಿಗೆ ಬಂತು. ಮೂರರಲ್ಲಿ ಎರಡು ದಿನ ಮುಗಿದಿದ್ದವು.

ಮೂರನೆಯ ದಿನ ಬೆಳಿಗ್ಗೆ ನಾನು ಬಸ್ಸಿಳಿಯುವಾಗಲೇ ಗೌಂಡಿಯ ಮಗಳು ನಿಲ್ದಾಣದಲ್ಲಿ ಕಾಯುತ್ತಿದ್ದಳು. ಪಕ್ಕದಲ್ಲಿ ಅವಳ ಅಪ್ಪ, ಕೆಲಸಕ್ಕೆ ಹೊರಟ ಉಡುಪಿನಲ್ಲಿ.

“ಅಕ್ಕೋರ, ರಾತ್ರಿ ಈಕಿ ನನ್ನ ಉಣ್ಣಾಕ ಬಿಡಲಿಲ್ಲ” ಎಂದು ನಕ್ಕ. “ಕಮಾನಿನ ನಡುವು ನೀ ಹ್ಯಾಂಗ ಹಿಡೀತಿ ಅಂತ ಕೇಳತಾಳ. ನಾ ಅಂದೆ, ನಾವು ನೆತ್ತಿ ಹುಡುಕೂದಿಲ್ಲ. ನೆತ್ತಿ ಚಪ್ಪಟಿ ಇರತೈತಿ, ಕಣ್ಣಿಗೆ ಸಿಗೂದಿಲ್ಲ. ಎಡಕ್ಕೊಂದು, ಬಲಕ್ಕೊಂದು ಸಮ ಎತ್ತರ ಹಿಡಿದು, ಅವೆರಡರ ನಡುವ ಗುರುತು ಹಾಕತೀವಿ.”

ಮಗಳು ಕುಣಿಯುತ್ತಿದ್ದಳು. “ಟೀಚರ್, ನೆಳ್ಳಿಗೂ ಹಂಗ ಮಾಡೂಣು! ಮುಂಜಾನಿ ಒಂದು ಉದ್ದ ಹಿಡಿಯೂಣು. ಮಧ್ಯಾಹ್ನದ ಮ್ಯಾಲ ಮತ್ತ ಅಷ್ಟ ಉದ್ದ ಯಾವಾಗ ಆಗತೈತಿ ನೋಡೂಣು. ನಡುವಿನ ಟೈಮ ನಮಗ ಬೇಕಾಗಿದ್ದು!”

ನಾನು ನಿಲ್ದಾಣದಲ್ಲೇ ಕೈ ತಟ್ಟಿದೆ. ಅಂಗಡಿಯವರು ತಿರುಗಿ ನೋಡಿದರು.

ಹನ್ನೊಂದು ಗಂಟೆಗೆ ಸರಿಯಾಗಿ ನೆರಳಿನ ತುದಿಗೆ ಮೊಳೆ ಚುಚ್ಚಿ, ಕೋಲಿನ ಬುಡಕ್ಕೆ ದಾರ ಕಟ್ಟಿ, ಆ ಉದ್ದಕ್ಕೆ ನೆಲದ ಮೇಲೆ ವೃತ್ತ ಎಳೆದರು. ಹನ್ನೊಂದೂವರೆಗೆ ಒಳಗೆ ಇನ್ನೊಂದು ವೃತ್ತ. ನೆರಳು ಒಳಗೆ ಹೋಯಿತು. ಇನ್ನು ಅದು ಹೊರಗೆ ಬಂದು ವೃತ್ತಗಳನ್ನು ಮುಟ್ಟುವ ಹೊತ್ತನ್ನು ಕಾಯಬೇಕು. ಊಟದ ಬೆಲ್ಲು ಆದರೂ ಯಾರೂ ಕದಲಲಿಲ್ಲ. ಅನ್ನ ಸಾರಿನ ತಾಟು ಹಿಡಿದು ವೃತ್ತದ ಸುತ್ತ ಕೂತು ಉಂಡರು. ಇಬ್ಬರು ಕುರಿ ಬಂದರೆ ಓಡಿಸಲು ಗೇಟಿನಲ್ಲಿ ನಿಂತರು. ಒಳ ವೃತ್ತವನ್ನು ನೆರಳು ಮುಟ್ಟಿದ್ದು ಒಂದು ಗಂಟೆ ಹದಿನಾಲ್ಕು ನಿಮಿಷಕ್ಕೆ. ಹೊರ ವೃತ್ತವನ್ನು ಒಂದು ನಲವತ್ಮೂರಕ್ಕೆ.

ಲೆಕ್ಕ ಹಾಕಲು ಎರಡು ಗುಂಪುಗಳನ್ನು ಬೇರೆ ಬೇರೆ ಕೋಣೆಗೆ ಕಳಿಸಿದೆವು. ಒಳ ವೃತ್ತದವರು ಬಂದು ಹಲಗೆಯ ಮೇಲೆ ಬರೆದರು: ಹನ್ನೆರಡು ಇಪ್ಪತ್ತೆರಡು. ಹೊರ ವೃತ್ತದವರು ಬಂದು ಅದನ್ನು ನೋಡಿ ಕಿರುಚಿದರು. ಅವರದು ಹನ್ನೆರಡು ಇಪ್ಪತ್ತೊಂದೂವರೆ.

ಎರಡು ವೃತ್ತ, ಅರ್ಧ ನಿಮಿಷದ ಅಂತರ! ಆ ಗದ್ದಲಕ್ಕೆ ಪಕ್ಕದ ತರಗತಿಯ ಪಾಠ ನಿಂತಿತು. ಹೆಡ್ ಮಾಸ್ತರು ಬಂದರು. ಬೈಯಲು ಬಂದವರಿಗೆ ಐದಾರು ಮಕ್ಕಳು ಒಟ್ಟಿಗೇ ವಿವರಿಸತೊಡಗಿದರು. ಅವರು ಹಲಗೆ ನೋಡಿದರು, ತಮ್ಮ ಕೈಗಡಿಯಾರ ನೋಡಿಕೊಂಡರು. “ಅಲ್ಲ, ಮತ್ತ ಹನ್ನೆರಡಕ್ಕ ನೆತ್ತಿ ಮ್ಯಾಲ ಸೂರ್ಯ ಅಂತೀವಲ್ಲ ನಾವು?” ಎಂದರು.

“ಅದನ್ನ ಈಗ ಕೇಳಬೇಕ್ರಿ ಸರ್, ಯಾಕ ಅಂತ” ಎಂದ ಹಿಂದಿನ ಬೆಂಚಿನ ಹುಡುಗ.

ಆ ಇಪ್ಪತ್ತೆರಡು ನಿಮಿಷ ಎಲ್ಲಿಂದ ಬಂತು ಎಂಬುದೇ ಈಗ ಎಲ್ಲರ ತಲೆಯಲ್ಲಿ. ಕಾಲುವೆ ಬಂದ ಕಾಲಕ್ಕೆ ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಊರುಗಳನ್ನು ನಮ್ಮಲ್ಲಿ ಕ್ಯಾಂಪ್ ಎನ್ನುತ್ತಾರೆ. ಅಂಥ ಕ್ಯಾಂಪಿನಿಂದ ಬರುತ್ತಿದ್ದ ಒಬ್ಬ ಹುಡುಗ ಹೇಳಿದ, “ನಮ್ಮ ತಾತ ಕಾಕಿನಾಡದ ಹತ್ರ ಹಳ್ಳ್ಯಾಗ ಅದಾನ್ರಿ. ಸಂಜಿಕ ಫೋನ್ ಮಾಡಿದ್ರ ಅಲ್ಲಿ ಕತ್ತಲಾಗಿರತೈತಿ, ಇಲ್ಲಿ ಇನ್ನೂ ಬೆಳಕು ಇರತೈತಿ. ಅಲ್ಲಿ ಸೂರ್ಯನ ಟೈಮ್ ಬ್ಯಾರೆ ಇರಬೇಕು.”

“ಟೈಮ್ ದೇಶಕ್ಕೆಲ್ಲಾ ಒಂದ” ಎಂದಳು ಗೌಂಡಿಯ ಮಗಳು. “ಸೂರ್ಯನೂ ಒಬ್ಬನ. ಅಲ್ಲೂ ಹನ್ನೆರಡು ಇಪ್ಪತ್ತೆರಡ ಬರತೈತಿ.”

“ಬರೂದಿಲ್ಲ.”

“ಬರತೈತಿ.”

“ಹಂಗಾದ್ರ ತಾತಗ ಅಳಿಯಾಕ ಹೇಳೂಣೇನು?” ಎಂದೆ. ತರಗತಿ ಹೋ ಎಂದಿತು. ಕ್ಯಾಂಪಿನ ಹುಡುಗ ನನ್ನ ಫೋನಿನಿಂದ ತಾತನಿಗೆ ತೆಲುಗಿನಲ್ಲಿ ಅರ್ಧ ಗಂಟೆ ಹೇಳಿಕೊಟ್ಟ. ಕೋಲು, ನೀರು ತುಂಬಿದ ತಾಟು, ದಾರ, ವೃತ್ತ. ನಡುವೆ ಗೌಂಡಿಯ ಮಗಳು “ಗುಂಡು ಬಿಟ್ಟು ನೋಡಾಕ ಹೇಳು” ಎಂದು ಅವನ ತೋಳು ಜಗ್ಗುತ್ತಿದ್ದಳು.

ತಾತನ ಅಳತೆಗೆ ಗೊತ್ತುಮಾಡಿದ್ದ ದಿನವೇ ಕಾಲೇಜಿನಿಂದ ಪ್ರಾಧ್ಯಾಪಕಿಯವರು ನನ್ನ ಕೊನೆಯ ಪಾಠ ನೋಡಲು ಬಂದರು. ನನ್ನ ಬಳಿ ಬೇರೆ ಪಾಠ ಸಿದ್ಧವಿತ್ತು. ಚಾರ್ಟು, ಮಾದರಿ, ಬಣ್ಣದ ಸೀಮೆಸುಣ್ಣ, ಎಲ್ಲ. ಬೆಳಿಗ್ಗೆ ಅವನ್ನು ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟೆ, ನೋಡಿದೆ, ಮತ್ತೆ ಒಳಗೆ ಹಾಕಿದೆ. ಮಕ್ಕಳು ತಾತನ ಫೋನಿಗೆ ಕಾಯುತ್ತಿರುವಾಗ ಚಾರ್ಟು ಬಿಚ್ಚುವ ಧೈರ್ಯ ನನಗಿರಲಿಲ್ಲ. ಆವತ್ತು ನಮ್ಮ ಮೈದಾನದ ಕೋಲಿಗೂ ಹೊಸದಾಗಿ ವೃತ್ತ ಎಳೆದು ಕಾದರು. ನಮ್ಮದು ಮತ್ತೆ ಹನ್ನೆರಡು ಇಪ್ಪತ್ತೆರಡರ ಆಸುಪಾಸೇ ಬಂತು.

ಊಟದ ನಂತರದ ಮೊದಲ ಪಿರಿಯಡ್. ಪ್ರಾಧ್ಯಾಪಕಿಯವರು ಅಂಕಪಟ್ಟಿ ತೊಡೆಯ ಮೇಲಿಟ್ಟುಕೊಂಡು ಮಾರ್ಗದರ್ಶಿ ಶಿಕ್ಷಕರ ಪಕ್ಕ ಕೂತರು. ಮಕ್ಕಳಿಗೆ ಚೀಟಿ ಹಂಚಿದೆ. ಫೋನ್ ಬರುವ ಮೊದಲು ಪ್ರತಿಯೊಬ್ಬರೂ ತಮ್ಮ ಅಂದಾಜು ಬರೆಯಬೇಕು, ಕೆಳಗೆ ಕಾರಣ. ಕಾರಣವಿಲ್ಲದ ಚೀಟಿ ಲೆಕ್ಕಕ್ಕಿಲ್ಲ. ಹೆಚ್ಚಿನವರು ಗೌಂಡಿಯ ಮಗಳ ಕಡೆಗೇ ಇದ್ದರು, ನಮ್ಮಷ್ಟೇ ಬರುತ್ತದೆ ಎಂದು. ಒಂಬತ್ತು ಮಂದಿ ಮುಂಚೆ ಎಂದರು. ಮೂವರು ತಡ ಎಂದರು.

ಫೋನು ಗುಣುಗಿತು. ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟೆ. ಸೊಂಟ ನೋವೆಂದು ಗೊಣಗುವ, ಆದರೆ ಉತ್ಸಾಹ ಮುಚ್ಚಿಡಲಾಗದ ಒಂದು ಮುದಿ ದನಿ ತೆಲುಗಿನಲ್ಲಿ ಹೇಳಿತು. ಕ್ಯಾಂಪಿನ ಹುಡುಗ ಸಾಲು ಸಾಲಾಗಿ ಕನ್ನಡಕ್ಕೆ ತಂದ.

“ಮುಂಜಾನಿ ಹತ್ತೂವರಿಗೆ ವೃತ್ತ ಹಾಕ್ಯಾನಂತ. ನೆಳ್ಳು ಮತ್ತ ಮುಟ್ಟಿದ್ದು ಒಂದು ಇಪ್ಪತ್ತೇಳಕ್ಕ.”

ಮೂವತ್ತೆಂಟು ಪೆನ್ನುಗಳು ಓಡಿದವು. ಎರಡು ಗಂಟೆ ಐವತ್ತೇಳು ನಿಮಿಷ, ಅದರರ್ಧ, ಹತ್ತೂವರೆಗೆ ಕೂಡಿಸಿದರೆ...

“ಹನ್ನೊಂದು ಐವತ್ತೆಂಟೂವರಿ!” ಕ್ಯಾಂಪಿನ ಹುಡುಗ ಬೆಂಚಿನ ಮೇಲೆ ಹತ್ತಿದ್ದ.

ಎಲ್ಲರೂ ಗೌಂಡಿಯ ಮಗಳನ್ನು ನೋಡಿದರು. ಅವಳು ಎದ್ದು ನಿಂತಳು. ಮುಖ ಕೆಂಪಾಗಿತ್ತು. “ಕೋಲು ನೆಟ್ಟಗ ಐತೇನು ಅಂತ ಕೇಳು. ಎರಡೂ ಕಡಿಯಿಂದ ನೋಡ್ಯಾನೇನು?” ಹುಡುಗ ಕೇಳಿದ. ನೋಡಿದ್ದೇನೆ ಎಂದ ತಾತ. “ನಡುವ ಕೋಲು ಯಾರಾದ್ರೂ ಮುಟ್ಟಿದ್ರೇನು?” ಇಲ್ಲ, ಅಜ್ಜಿಯನ್ನೂ ಅಂಗಳಕ್ಕೆ ಬಿಟ್ಟಿಲ್ಲ. ಅವಳು ತನ್ನ ಚೀಟಿ ತೆಗೆದು, ಅಂದಾಜಿನ ಮೇಲೆ ಅಡ್ಡಗೆರೆ ಎಳೆದು, “ನಂದು ತಪ್ಪಾತು. ಟೈಮ್ ಒಂದ ಇದ್ರೂ ಸೂರ್ಯ ಎಲ್ಲಾ ಊರಿಗೂ ಒಮ್ಮೆಲೆ ಬರೂದಿಲ್ಲ” ಎಂದು ಗಟ್ಟಿಯಾಗಿ ಹೇಳಿ ಕೂತಳು. ಯಾರೂ ನಗಲಿಲ್ಲ.

ಗೋಡೆಯ ಭೂಪಟದ ಮುಂದೆ ಗುಂಪಾಗಿ ನಿಂತು ನಮ್ಮೂರು, ಕಾಕಿನಾಡ ಎರಡನ್ನೂ ಹುಡುಕಿದರು. ಕಾಕಿನಾಡ ಬಲಗಡೆ. ದೇಶದ ಗಡಿಯಾರಕ್ಕೆ ಆಧಾರವಾದ ರೇಖಾಂಶದ ಗೆರೆ ಅದರ ಪಕ್ಕದಲ್ಲೇ ಹಾದುಹೋಗುತ್ತದೆ ಎಂದು ಆಗ ನಾನು ತೋರಿಸಿದೆ. ಅಷ್ಟು ದಿನದಲ್ಲಿ ನಾನಾಗಿ ಹೇಳಿದ ಮಾಹಿತಿ ಅದೊಂದೇ.

ಪ್ರಾಧ್ಯಾಪಕಿಯವರು ಎದ್ದು ನಿಂತರು. “ಬಹಳ ಚೆನ್ನಾಗಿದೆ ಮಕ್ಕಳೇ. ಅಂದರೆ ಪೂರ್ವಕ್ಕೆ ಹೋದಷ್ಟೂ ಸೂರ್ಯ ಬೇಗ ನೆತ್ತಿಗೆ ಬರುತ್ತಾನೆ, ಪಶ್ಚಿಮಕ್ಕೆ ಹೋದಷ್ಟೂ ತಡ. ಸಾಬೀತಾಯಿತು ಅಲ್ಲವೇ?”

ಹೌದ್ರೀ ಎಂದು ಒಟ್ಟಾಗಿ ಕೂಗುತ್ತಾರೆ ಎಂದು ಕಾದೆ. ಕೂಗಲಿಲ್ಲ. ಹಿಂದಿನ ಬೆಂಚಿನ ಹುಡುಗ ಎದ್ದ.

“ಸಾಬೀತು ಅನ್ನಬ್ಯಾಡ್ರಿ ಮೇಡಂ. ಎರಡ ಊರು ನೋಡೀವಿ. ಪಶ್ಚಿಮಕ್ಕ ಇನ್ನೂ ನೋಡೇ ಇಲ್ಲ.”

ಅವರ ಪೆನ್ನು ಗಾಳಿಯಲ್ಲೇ ನಿಂತಿತು. ಮಾರ್ಗದರ್ಶಿ ಶಿಕ್ಷಕರು ಕಿಟಕಿಯ ಹೊರಗೆ ನೋಡುತ್ತ ನಗು ನುಂಗಿಕೊಂಡರು. ಪ್ರಾಧ್ಯಾಪಕಿಯವರು ನಿಧಾನವಾಗಿ, “ಹೌದಲ್ಲ” ಎಂದು ಕೂತು, ಏನನ್ನೋ ಬಹಳ ಹೊತ್ತು ಬರೆದರು. ಆಮೇಲೆ ನೋಡಿದೆ: ಕಪ್ಪು ಹಲಗೆಯ ಬಳಕೆಗೂ, ಬೋಧನೋಪಕರಣಕ್ಕೂ, ಸಮಯ ಪಾಲನೆಗೂ ಅಂಕ ಕಡಿಮೆ ಮಾಡಿದ್ದರು. ಕೆಳಗೆ, ‘ಯೋಜನೆಯಂತೆ ನಡೆಯದ ಪಾಠ. ಇನ್ನೊಮ್ಮೆ ಬಂದು ನೋಡುವ ಆಸೆಯಿದೆ’ ಎಂದಿತ್ತು.

“ಪಶ್ಚಿಮಕ್ಕ ನಮ್ಮ ಕಾಕಾ ಅದಾನ್ರಿ” ಎಂದು ಗೌಂಡಿಯ ಮಗಳು ಬೆಲ್ಲು ಹೊಡೆಯುವ ಮೊದಲೇ ಘೋಷಿಸಿದ್ದಳು. “ಗೋವಾದಾಗ ಕಟ್ಟಡದ ಕೆಲಸ ಮಾಡತಾನ. ದಾರ, ಗುಂಡು ಎಲ್ಲಾ ಅವನ ಕಡೆನ ಐತಿ. ರವಿವಾರ ರಜಾ ಇರತೈತಿ, ಅಳೀತಾನ.”

ರವಿವಾರಕ್ಕೆ ಮೊದಲೇ ನನ್ನ ಇಂಟರ್ನ್‌ಶಿಪ್ ಮುಗಿಯಿತು. ಹೆಡ್ ಮಾಸ್ತರು ಪ್ರಮಾಣಪತ್ರಕ್ಕೆ ಸಹಿ ಹಾಕುತ್ತ, ಆ ವೃತ್ತಗಳ ಜಾಗದಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿಸುವುದಾಗಿ ಹೇಳಿದರು. ಗೌಂಡಿಯನ್ನು ಮಾತಾಡಿಸಿಯೂ ಆಗಿತ್ತು. ನಾನು ಸಾಮಾನು ಕಟ್ಟಿಕೊಂಡು ರವಿವಾರ ಮಧ್ಯಾಹ್ನ ಕೊಪ್ಪಳದ ಬಸ್ಸು ಹತ್ತಿದೆ. ಅಲ್ಲಿಂದ ಅಳವಂಡಿಗೆ, ನಮ್ಮ ಮನೆಗೆ. ಹೇಮಗುಡ್ಡ ದಾಟುವಾಗ ಫೋನು ಬಂತು. ಗೌಂಡಿಯ ಮಗಳು, ಅಪ್ಪನ ಫೋನಿನಿಂದ. ಹಿಂದೆ ಇನ್ನೂ ನಾಲ್ಕಾರು ದನಿಗಳು.

“ಟೀಚರ್, ಕಾಕಾಂದು ಬಂತು!”

“ಎಷ್ಟು ಬಂತವಾ?”

“ಹಂಗ ಹೇಳಂಗಿಲ್ರಿ. ಮೊದಲ ನಿಮ್ಮ ಅಂದಾಜು ಹೇಳ್ರಿ.”

ಬಸ್ಸಿನ ಕುಲುಕಾಟದಲ್ಲಿ ಭೂಪಟವನ್ನು ನೆನಪಿಸಿಕೊಂಡು ಬೆರಳಿನಲ್ಲೇ ಲೆಕ್ಕ ಹಾಕಿದೆ. “ಹನ್ನೆರಡು ಮೂವತ್ಮೂರು” ಎಂದೆ.

ಆ ಕಡೆ ಗುಸುಗುಸು ನಡೆಯಿತು. ಯಾರೋ ಕಿಸಕ್ಕನೆ ನಕ್ಕರು. ಸರಿ ಎಂದೂ ಹೇಳಲಿಲ್ಲ, ತಪ್ಪು ಎಂದೂ ಹೇಳಲಿಲ್ಲ.

“ಯಾಕ್ರಿ?” ಎಂದು ಕೇಳಿದಳು.

ನಾನು ಸೀಟಿನಲ್ಲಿ ನೆಟ್ಟಗೆ ಕೂತು ಕಾರಣ ಹೇಳತೊಡಗಿದೆ.